ಕಚ್ಚಿಟ್ಟ ರೊಟ್ಟಿ

"ಯಾರು?"

ಬಾಗಿಲ ಹಿಂದಿನಿಂದ ಹುರ್ಷಿದಾಳ ದನಿ. ಅದಕ್ಕೂ ಮೊದಲು ಎರ್ಗಾಶ್ ತನ್ನ ಸ್ವಂತ ಗಂಟಲಲ್ಲಿ ಎರಡು ಸಲ ಕೂಗಿದ್ದ. ಆಗ 'ಯಾರು' ಎನ್ನುವ ಸೌಜನ್ಯವೂ ಬಂದಿರಲಿಲ್ಲ. ಮೂರನೆಯ ಸಲ ಕೆಮ್ಮಿ, ಮೂಗನ್ನು ಸ್ವಲ್ಪ ಬಿಗಿಹಿಡಿದು, ಡೆನ್ಮಾರ್ಕಿನವನಾದ.

"ಸಲಾಂ, ಗೌರವಾನ್ವಿತ ಮಹಿಳೆಯೇ! ತಮ್ಮ ಆರೋಗ್ಯವು ಹೇಗಿರುತ್ತದೆ? ತಮ್ಮ ದನಕರುಗಳ ಆರೋಗ್ಯವು ಹೇಗಿರುತ್ತದೆ?"

ಅಗಳಿ ತಟಕ್ಕನೆ ಸರಿಯಿತು.

ಅಲ್ಲಿಗೆ ಹೊಟ್ಟೆಯಲ್ಲಿ ಮೊದಲ ಉರಿ ಎದ್ದಿತು. ಇಪ್ಪತ್ತು ವರ್ಷ ಒಂದೇ ಬೀದಿಯಲ್ಲಿ ಬದುಕಿದ ಎರ್ಗಾಶನಿಗೆ ತೆರೆಯದ ಬಾಗಿಲು, ಪುಸ್ತಕ ನೋಡಿ ಮಾತು ಕಲಿತ ಡೆನ್ಮಾರ್ಕಿನ ವರದಿಗಾರ ಹೆನ್ರಿಕ್‌ನ ನಕಲಿ ದನಿಗೆ ತೆರೆಯುತ್ತದೆ!

"ನೀನಾ?" ಹುರ್ಷಿದಾಳ ಮುಖ ಇಳಿದುಹೋಯಿತು. "ಹಾಳಾದೋನೇ, ಇನ್ನೂ ಬಿಟ್ಟಿಲ್ವಾ ಈ ಕೋತಿ ಆಟ? ಇದಕ್ಕೇ ಅಲ್ವಾ ನಿನ್ನ ಕೆಲಸ ಹೋಗಿದ್ದು?"

ಇದಕ್ಕೇ. ಮದುವೆಯ ಮನೆಯೊಂದರಲ್ಲಿ ದೇಶ ಆಳುವ ದೊಡ್ಡವರ ದನಿ ಅನುಕರಿಸಿ ಜನರನ್ನು ನಗಿಸಿದ್ದಕ್ಕೆ ಮಾರ್ಗಿಲಾನ್ ಪಟ್ಟಣದ ಪೊಲೀಸರ ಒಳ್ಳೆಯ ಪತ್ತೇದಾರನೊಬ್ಬ ವಿದೇಶಿ ವರದಿಗಾರರ ಡ್ರೈವರಾದ. ನಕ್ಕವರಿಗೆ ಏನೂ ಆಗಲಿಲ್ಲ. ನಕ್ಕಿದ್ದನ್ನು ಒಪ್ಪಿಕೊಂಡವರಿಗೆ ಮಾತ್ರ ಆಯಿತು.

"ಅಕ್ಕ, ಒಂದೇ ಮಾತು. ಡಾಕ್ಟರು ಎಲ್ಲಿ?"

"ಕರ್ಕೊಂಡು ಹೋದೋರನ್ನ ಕೇಳು."

ಡಾಕ್ಟರ್ ಲುತ್ಫುಲ್ಲಾ ಅವಳ ಗಂಡ, ಕೈದಿಗಳ ಆಸ್ಪತ್ರೆಯ ವೈದ್ಯ. ಗಡ್ಡ ಬಿಟ್ಟ ತಪ್ಪಿಗೆ, ಪ್ರಾರ್ಥನೆ ಮಾಡಿದ ತಪ್ಪಿಗೆ ಜೈಲು ಸೇರಿ ಅಲ್ಲೇ ಸತ್ತವರ ಮೈಮೇಲೆ ಏನೇನು ಗಾಯಗಳಿದ್ದವು, ತನ್ನ ಕೈಯಿಂದ 'ಹೃದಯಾಘಾತ' ಎಂದು ಎಷ್ಟು ಸಲ ಬರೆಸಿದರು ಎಂಬುದನ್ನೆಲ್ಲ ಈ ಮನೆಯಲ್ಲೇ ಕೂತು ಹೆನ್ರಿಕ್‌ಗೆ ಹೇಳಿದವನು. ಹೇಳಿದ ಮರುದಿನ ಬೆಳಗಾಗುವಷ್ಟರಲ್ಲಿ ಮಾಯವಾದ. ಸರ್ಕಾರವೇ ನುಂಗಿತೆಂದು ವಿದೇಶಿ ಪತ್ರಿಕೆಗಳು ಬರೆದವು. ವಿದೇಶಿಯರೇ ಬಚ್ಚಿಟ್ಟರೆಂದು ಸರ್ಕಾರ ಹೇಳಿತು.

ಮತ್ತು ಭದ್ರತಾ ಇಲಾಖೆಯ ಮೇಜರ್ ಕಹ್ರಮಾನ್ ಎರ್ಗಾಶನನ್ನು ಕರೆಸಿ ತಣ್ಣಗೆ ಹೇಳಿದ್ದ: "ಅವನನ್ನ ಸಾಗಿಸಿದ್ದು ಯಾರು ಅಂತ ಶುಕ್ರವಾರದ ನಮಾಜಿಗೆ ಮೊದಲು ನನಗೆ ಹೆಸರು ಬೇಕು. ಸಿಗಲಿಲ್ಲ ಅಂದ್ರೆ, ಆ ಸಂಜೆ ದುಭಾಷಿಯಾಗಿ ಕೂತಿದ್ದವಳನ್ನೇ ಕರೆಸ್ತೀನಿ. ಬೇಜಾರು ಮಾಡ್ಕೋಬೇಡ."

ದುಭಾಷಿಯಾಗಿ ಕೂತಿದ್ದವಳು ಶಾಲೆಯ ಟೀಚರ್ ಸನೋಬರ್. ಎರ್ಗಾಶನ ಹೆಂಡತಿ.

ನಾಳೆಯೇ ಶುಕ್ರವಾರ.

ಹುರ್ಷಿದಾ ಅವನನ್ನು ಒಳಗೆ ಕೂರಿಸಿ ಪಿಯಾಲೆಗೆ ಟೀ ಹೊಯ್ದಳು. ಅಂಚಿನವರೆಗೆ, ತುಳುಕುವಷ್ಟು. ಬೇಕಾದ ಅತಿಥಿಗೆ ತಳ ಮುಚ್ಚುವಷ್ಟೇ ಹೊಯ್ಯುತ್ತಾರೆ, ಮತ್ತೆ ಮತ್ತೆ ಹೊಯ್ಯುವ ನೆಪ ಉಳಿಯಲಿ ಎಂದು. ತುಂಬಿದ ಪಿಯಾಲೆಗೆ ಒಂದೇ ಅರ್ಥ: ಕುಡಿ, ಎದ್ದು ನಡಿ.

ಕುಡಿಯುತ್ತ ಎರ್ಗಾಶ್ ಮೂಗರಳಿಸಿದ. ಲವಂಗದ ವಾಸನೆ!

ವಾರದಿಂದ ಅವನ ಮನೆಯಲ್ಲೂ ಇದೇ ವಾಸನೆ. ಸನೋಬರಳ ಶಾಲಿನಲ್ಲಿ, ದಿಂಬಿನಲ್ಲಿ, ಅವಳು ದಾಟಿಹೋದ ಬಾಗಿಲಲ್ಲಿ. ಹೆನ್ರಿಕ್ ಪೂಸಿಕೊಳ್ಳುವ ಸೆಂಟೇ ಇದು ಎಂದು ಅವನು ಮೊದಲ ದಿನವೇ ತೀರ್ಪು ಕೊಟ್ಟುಕೊಂಡಿದ್ದ. ಅಂದರೆ ಆ ಬಿಳಿಯ ಈ ಮನೆಗೂ ಈಚೆಗೆ ಬಂದುಹೋಗಿದ್ದಾನೆ. ಒಬ್ಬನೇ ಬಂದಿದ್ದನೋ, ಜೊತೆಗೆ ಅವಳೂ ಇದ್ದಳೋ?

ಊರಿನ ಅರ್ಧ ಬಾಯಿಗಳಿಗೆ ಚಿನ್ನದ ಹಲ್ಲು ಕಟ್ಟಿದ ಹುರ್ಷಿದಾ ಎದುರಿಗೆ ಕೂತು ತನ್ನ ಬಾಯಿಯನ್ನು ಮಾತ್ರ ಬಿಗಿಯಾಗಿ ಕಟ್ಟಿಕೊಂಡಿದ್ದಳು.

ಎರ್ಗಾಶನ ಕಣ್ಣು ಗೋಡೆಯ ಮೇಲೆ ನಿಂತಿತು. ಅಲ್ಲೊಂದು ಮೊಳೆ. ಹೊಗೆಗೆ ಹಳದಿಯಾದ ಸುಣ್ಣದ ನಡುವೆ, ಮೊಳೆಯ ಕೆಳಗೆ, ಏನೋ ಉಜ್ಜಿ ಮೂಡಿದಂಥ ತಟ್ಟೆಯಗಲದ ಬಿಳಿಯ ವೃತ್ತ.

"ಇಲ್ಲಿ ರೊಟ್ಟಿ ನೇತುಹಾಕಿದ್ರಿ."

"ಇಲಿ ಬಂತು. ತೆಗೆದೆ."

ಸುಳ್ಳು. ದೂರ ಹೋಗುವವರು ಮನೆಯ ರೊಟ್ಟಿಯನ್ನು ಒಂದು ಕಡೆ ಕಚ್ಚಿ ಹೋಗುತ್ತಾರೆ. ಉಳಿದದ್ದು ಗೋಡೆಯ ಮೇಲೆ ಒಣಗುತ್ತ, ಕಾಯುತ್ತ ಇರುತ್ತದೆ. ಹೋದವರು ಬಂದು ತಾವೇ ಮುಗಿಸಬೇಕು. ಅದಕ್ಕೂ ಮೊದಲು ಆ ರೊಟ್ಟಿಯನ್ನು ಇಳಿಸುವ ಹೆಂಗಸು ಈ ಕಣಿವೆಯಲ್ಲಿ ಹುಟ್ಟಿಲ್ಲ. ಇಲಿಯಲ್ಲ, ಹುಲಿ ಬಂದರೂ ಇಳಿಸುವುದಿಲ್ಲ.

ಹಾಗಾದರೆ ಹೋದವರು ಬಂದಾಯಿತು. ಯಾರು? ಡಾಕ್ಟರ್ ಬಂದಿಲ್ಲ, ಅದು ಅವಳ ಕಣ್ಣಲ್ಲೇ ಕಾಣುತ್ತಿತ್ತು.

"ಟೀ ಆಯ್ತಾ?" ಎಂದಳು ಹುರ್ಷಿದಾ.

ಹೊರಗೆ ಬಂದು ಕಾರಿನಲ್ಲಿ ಕೂತಾಗ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಫೋಟೋದಿಂದ ಸನೋಬರ್ ನಕ್ಕಳು. ಈ ಬೇಸಿಗೆಯಲ್ಲಿ ಅವನೇ ತೆಗೆದದ್ದು. ಕೈಯಲ್ಲಿ ಅರ್ಧ ಕಚ್ಚಿದ ಏಪ್ರಿಕಾಟ್ ಹಣ್ಣು, ಮುಂದಿನೆರಡು ಹಲ್ಲುಗಳ ನಡುವೆ ಆ ಚಂದದ ಸಂದು. ಆ ಸಂದಿನಲ್ಲೇ ಎರ್ಗಾಶನ ಯೌವನವೆಲ್ಲ ಸಿಕ್ಕಿಹಾಕಿಕೊಂಡಿತ್ತು.

ವಾರದಿಂದ ಅವಳು ಅವನೆದುರು ನಕ್ಕಿಲ್ಲ. ಶಾಲಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದೇ ಮಾತು, ಅದೂ ಒಂದೋ ಎರಡೋ. ರೊಟ್ಟಿ ಮುಟ್ಟದೆ ಬರೀ ಸಾರು ಕುಡಿದು ಎದ್ದುಹೋಗುತ್ತಾಳೆ. ಹಸಿವು ಕೆಟ್ಟಿದೆ, ನಗು ಬತ್ತಿದೆ, ಮೈಯೆಲ್ಲ ಲವಂಗ. ಇದಕ್ಕೆ ಏನೆನ್ನುತ್ತಾರೆಂದು ಎರ್ಗಾಶನಿಗೆ ಯಾವ ಪತ್ತೇದಾರಿ ತರಬೇತಿಯೂ ಹೇಳಿಕೊಡಬೇಕಾಗಿರಲಿಲ್ಲ.

ದುಭಾಷಿಗೆ ಎರಡು ಭಾಷೆ ಇರಬೇಕು, ಸರಿ. ಎರಡು ಮನಸ್ಸು ಯಾಕೆ?

ಅದಕ್ಕೇ ಅವನು ಇವತ್ತು ಬೆಳಗ್ಗೆ ಒಂದು ಕೆಲಸ ಮಾಡಿ ಬಂದಿದ್ದ. ಹೆನ್ರಿಕ್‌ನ ಪತ್ರಿಕೆಯಲ್ಲಿ ಡಾಕ್ಟರನ ಮಾತುಗಳ ಜೊತೆ ಬಂದ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಮೇಜರನ ಮೇಜಿನ ಮೇಲೆ ಇಟ್ಟಿದ್ದ. "ನೋಡಿ ಸಾಹೇಬ್ರೇ, ಡಾಕ್ಟರು ಮಾಯವಾಗೋ ಹಿಂದಿನ ಸಂಜೆ ಈ ಬಿಳಿಯ ಅದೇ ಮನೇಲಿದ್ದ. ಸಾಗಿಸಿದ್ದು ಇವನೇ. ದೇಶ ಬಿಟ್ಟು ಓಡಿಸಿ." ಮೇಜರ್ ಚಿತ್ರವನ್ನು ತುಂಬಾ ಹೊತ್ತು ನೋಡಿದ್ದ.

ಹೆಸರೂ ಸಿಕ್ಕಿತು, ಹೆಂಡತಿಯೂ ಉಳಿದಳು, ಸವತನೂ ತೊಲಗಿದ. ಒಂದೇ ಕಲ್ಲು, ಮೂರು ಹಕ್ಕಿ. ಆದರೂ ಮುಖಾಮುಖಿ ಒಮ್ಮೆ ಹೆನ್ರಿಕ್‌ನ ಬಾಯಿಂದಲೇ ಕೇಳಬೇಕು ಎನ್ನುವ ನವೆ ಎರ್ಗಾಶನನ್ನು ಬಿಡಲಿಲ್ಲ.

ಹೆನ್ರಿಕ್ ಬಾಡಿಗೆ ಮನೆಯ ಅಂಗಳದಲ್ಲಿ, ದ್ರಾಕ್ಷಿ ಚಪ್ಪರದ ಕೆಳಗೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ. ಉದ್ದಕ್ಕೆ ತೆಳ್ಳಗೆ, ಸುಟ್ಟ ಮೂಗು. ವರದಿಗಾರ ಎನ್ನುವ ಪದದಲ್ಲಿ ಎರ್ಗಾಶನಿಗೆ ಈಚೆಗೆ ಮೊದಲೆರಡು ಅಕ್ಷರ ಮಾತ್ರ ಕಾಣುತ್ತಿದ್ದವು: ವರ.

"ಓ, ಎರ್ಗಾಶ್ ಮಹಾಶಯರೇ! ತಮ್ಮ ಆಗಮನದಿಂದ—"

"ಡಾಕ್ಟರು ಮಾಯವಾದ ಹೊತ್ತಲ್ಲಿ ನನ್ನ ಹೆಂಡತಿ ಎರಡು ದಿನ ಕೋಕಂದ್‌ಗೆ ಹೋಗಿದ್ಲಲ್ಲ, ಮೇಷ್ಟ್ರುಗಳ ತರಬೇತಿ ಅಂತ. ಆಗ ನೀನೆಲ್ಲಿದ್ದೆ?"

"ತಾಷ್ಕೆಂಟಿನಲ್ಲಿ. ವೀಸಾ ಕಚೇರಿಯ ಬೆಂಚಿನ ಮೇಲೆ. ಬೆಂಚು ಸಾಕ್ಷಿ ಹೇಳುತ್ತದೆ, ನನ್ನ ಆಕಾರದ ಕುಳಿ ಬಿದ್ದಿದೆ."

"ನಿನ್ನ ಹತ್ರ ಅವಳು ಯಾಕೆ ನಗ್ತಿದ್ಲು?"

"ನಾನು ತಮ್ಮ ಭಾಷೆ ಮಾತಾಡುವುದರಿಂದ." ಹೆನ್ರಿಕ್ ಕನ್ನಡಕ ತೆಗೆದ. "ಆದರೆ ಈಗ ನಗುವುದಿಲ್ಲ. ಒಂದು ವಾರದಿಂದ ನಾನು ದನಕರುಗಳ ಆರೋಗ್ಯ ಕೇಳಿದರೂ ನಗುವುದಿಲ್ಲ. ಮೊನ್ನೆ ಬಂದು ನೋವಿನ ಮಾತ್ರೆ ಇದೆಯೇ ಎಂದರು. ಕೊಟ್ಟೆ."

"ನೋವಾ? ಕಟ್ಕೊಂಡ ಗಂಡನಿಗೆ ಹೇಳದ ನೋವು ನಿನಗೆ ಹೇಳಿದ್ಲಾ?"

"ನೋವನ್ನು ಹೇಳಲಿಲ್ಲ. ಮಾತ್ರೆಯನ್ನು ಕೇಳಿದರು."

ಎರ್ಗಾಶ್ ಮೇಜಿನ ಮೇಲೆ ಎರಡೂ ಕೈ ಊರಿ ಬಾಗಿದ. ಸಾಬೂನಿನ ವಾಸನೆ ಬಂತು, ಬೆವರಿನ ವಾಸನೆ ಬಂತು. ಲವಂಗ ಬರಲಿಲ್ಲ. ಅದು ಅವನ ಮೂಗಿಗೆ ತಿಳಿಯಿತು, ತಲೆಗೆ ಇನ್ನೂ ತಲುಪಿರಲಿಲ್ಲ.

"ಹೊಡಿ ಬೇಕಾದ್ರೆ, ಸುಳ್ಳು ಹೇಳ್ಬೇಡ. ಪೇಪರ್‌ನಲ್ಲಿ ಬಂದ ಚಿತ್ರ ನಾನೂ ನೋಡಿದೀನಿ. ಗೋಡೆ ಮೇಲೆ ನಿಮ್ಮಿಬ್ಬರ ನೆರಳು. ಭುಜಕ್ಕೆ ಭುಜ ತಾಗಿದೆ!"

ಹೆನ್ರಿಕ್ ಬಾಯಿ ತೆರೆದು, ಮುಚ್ಚಿ, ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದ. "ದೀಪ ಒಂದೇ ಇತ್ತು ಮಹಾಶಯರೇ. ಡಾಕ್ಟರರ ಮುಖ ಕಾಣಬಾರದೆಂದು ಕೈಗಳನ್ನು ಮಾತ್ರ ತೆಗೆದೆ. ಹಿಂದೆ ಗೋಡೆ ಬಂತು. ನೋಡಿ, ನನ್ನ ನೆರಳಿನ ಈ ಕಡೆ ಇನ್ನೊಂದು ನೆರಳೂ ತಾಗಿದೆ. ಅದು ಟೀ ಪಾತ್ರೆಯದು. ಅದರ ಗಂಡನೂ ಜಗಳಕ್ಕೆ ಬರುತ್ತಾನೆಯೇ?"

ಚಿತ್ರ ಪರದೆಯ ತುಂಬ ಹರಡಿತು. ಡಾಕ್ಟರನ ದಪ್ಪ ಬೆರಳುಗಳು. ಮೇಲೆ ಗೋಡೆ. ಗೋಡೆಯ ಮೇಲೆ, ನೆರಳುಗಳಿಗಿಂತ ಒಂದು ಗೇಣು ಮೇಲೆ, ದುಂಡು ರೊಟ್ಟಿ. ಒಂದು ಕಡೆ ಕಚ್ಚಿದ್ದು.

ಎರ್ಗಾಶ್ ಈ ಚಿತ್ರವನ್ನು ಹದಿನೈದು ಸಲವಾದರೂ ನೋಡಿದ್ದ. ರೊಟ್ಟಿ ಕಂಡಿರಲೇ ಇಲ್ಲ. ಹೊಟ್ಟೆಕಿಚ್ಚಿನ ಬೆಳಕಿನಲ್ಲಿ ನೆರಳು ಮಾತ್ರ ಕಾಣುತ್ತದೆ.

"ಇದೇನು ಗೊತ್ತಾ ನಿನಗೆ?"

"ಅಲಂಕಾರ?"

"ದೊಡ್ಡದು ಮಾಡು. ಇನ್ನೂ. ಅಲ್ಲಿ, ಕಚ್ಚಿದ ಕಡೆ."

ಡಾಕ್ಟರ್ ಇನ್ನೂ ಆ ರೊಟ್ಟಿಯ ಕೆಳಗೇ ಕೂತಿದ್ದಾನೆ. ಹೊರಟಿಲ್ಲ. ಆದರೆ ಕಚ್ಚಿಯಾಗಿದೆ. ಹೋಗುವವನು ಡಾಕ್ಟರ್, ಕಚ್ಚಿದವರು ಯಾರೋ ಬೇರೆ. ತಕ್ಷಣ ಎರ್ಗಾಶನಿಗೆ ಹೊಳೆಯಿತು: ಮರಳಿ ಬರದವರು ರೊಟ್ಟಿ ಕಚ್ಚುವುದಿಲ್ಲ. ಡಾಕ್ಟರ್ ಮತ್ತೆ ಈ ನೆಲಕ್ಕೆ ಬರುವವನಲ್ಲ. ಅವನನ್ನು ಗಡಿ ದಾಟಿಸಿ ವಾಪಸು ಬರಬೇಕಾದವರಿಗೆ, 'ಕ್ಷೇಮವಾಗಿ ಬಾ' ಎಂದು ಹುರ್ಷಿದಾ ಕಚ್ಚಿಸಿದ್ದಾಳೆ. ಬಂದರು. ಉಳಿದ ರೊಟ್ಟಿ ತಿಂದರು. ಮೊಳೆ ಖಾಲಿಯಾಯಿತು.

ಪರದೆಯ ಮೇಲೆ ಕಚ್ಚಿದ ಅಂಚು ಹಿಗ್ಗಿ ನಿಂತಿತು. ಅರ್ಧಚಂದ್ರ. ಅದರ ಸರಿಯಾದ ನಡುವೆ, ಹಲ್ಲು ತಾಗದೆ ಉಳಿದ ಸಣ್ಣ ದಿಂಡು.

ಆ ದಿಂಡು ಅವನಿಗೆ ಗೊತ್ತು. ಸೇಬಿನ ಮೇಲೆ, ಕರಬೂಜದ ಹೋಳಿನ ಮೇಲೆ, ಮದುವೆಯಾದ ಹೊಸತರಲ್ಲಿ ಅವನ ತೋಳಿನ ಮೇಲೆ.

ಕೋಕಂದ್ ಅಲ್ಲ, ಆಚೆ ದೇಶದ ಓಶ್. ತರಬೇತಿಯಲ್ಲ, ಗಡಿ. ಈ ಹೆನ್ರಿಕ್‌ಗೂ ಹೇಳದೆ, ಕಟ್ಟಿಕೊಂಡ ಗಂಡನಿಗೂ ಹೇಳದೆ.

ಒಂದು ಉಸಿರಿನಷ್ಟು ಹೊತ್ತು ಎರ್ಗಾಶ್ ಭೂಮಿಯ ಮೇಲಿನ ಅತ್ಯಂತ ಸುಖಿ ಗಂಡನಾಗಿದ್ದ. ಮುಂದಿನ ಉಸಿರು ಎಳೆಯುವಾಗ ಮೇಜರ್ ನೆನಪಾದ. ಮೇಜರನೂ ಇದೇ ಕಣಿವೆಯವನು. ಅವನಿಗೆ ರೊಟ್ಟಿ ಅಲಂಕಾರವಲ್ಲ. ಅಷ್ಟೇ ಅಲ್ಲ, ಎರ್ಗಾಶನಿಗಿಂತ ಒಂದು ವರ್ಷ ಮೊದಲು ಸನೋಬರಳ ಮನೆಗೆ ಹೆಣ್ಣು ಕೇಳಿಕೊಂಡು ಹೋಗಿ, ಇಲ್ಲ ಅನ್ನಿಸಿಕೊಂಡು ಬಂದವನು. ಆ ಸಂದು ಅವನಿಗೂ ಗೊತ್ತು.

"ಮುಖ ಮರೆಸಿದೆ," ಎಂದ ಎರ್ಗಾಶ್, ಯಾರನ್ನೂ ಅನುಕರಿಸದ ದನಿಯಲ್ಲಿ. "ಹಲ್ಲು ತೋರಿಸಿದೆ. ಮಾರಾಯ, ನೀನು ಹಲ್ಲು ತೋರಿಸಿಬಿಟ್ಟೆ. ನಾನು ಅದನ್ನ ಮೇಜರನ ಹತ್ರ ತಗೊಂಡು ಹೋಗಿ…"

ಹೆನ್ರಿಕ್ ಪೆದ್ದನಲ್ಲ. ಅವನ ಸುಟ್ಟ ಮೂಗು ಕೂಡ ಬೆಳ್ಳಗಾಯಿತು.

"ಸನೋಬರ್?" ಎಂದ. ಗೌರವಾನ್ವಿತ, ಮಹಿಳೆ, ಏನೂ ಇಲ್ಲ. ಬರೀ ಹೆಸರು. ಇಂಥ ಹೊತ್ತಿನಲ್ಲೂ ಅದು ಎರ್ಗಾಶನಿಗೆ ಮುಳ್ಳಿನಂತೆ ನಾಟಿತು.

ಕಾರು ಸ್ಟಾರ್ಟ್ ಆಗಲಿಲ್ಲ. ಯಾವಾಗಲೂ ಹಾಗೇ, ಮುಂದಿನ ಬಾನೆಟ್ ಎತ್ತಿ ಬ್ಯಾಟರಿಯ ತಂತಿ ತಿರುವಬೇಕು. ತಿರುವುತ್ತಿದ್ದಾಗ ಹೆನ್ರಿಕ್ ಒಂದು ಕರಬೂಜ ಹಿಡಿದು ಓಡಿ ಬಂದು ಕಿಟಕಿಯೊಳಗೆ ಬಗ್ಗಿದ್ದು ಕಾಣಿಸಿತು. "ಇದನ್ನು ಅವರಿಗೆ ಕೊಡಿ," ಎಂದ. ಕರಬೂಜ ಕೊಡುವ ಸಮಯ ನೋಡು! ಬಾನೆಟ್ಟನ್ನು ಧಡಾರನೆ ಮುಚ್ಚಿ ಎರ್ಗಾಶ್ ಹೊರಟ. ಎದುರು ಬಿಸಿಲು, ಕಣ್ಣಲ್ಲಿ ನೀರು. ದಾರಿಯ ಹೊರತು ಬೇರೇನನ್ನೂ ನೋಡಲಿಲ್ಲ.

ಮನೆಯ ಹೊಸ್ತಿಲಲ್ಲಿ ಕನ್ನಡಿಯಂತೆ ಹೊಳೆಯುವ ಕರಿ ಬೂಟುಗಳು ಕೂತಿದ್ದವು.

ಅಂಗಳದ ಮಂಚದ ಮೇಲೆ ಮೇಜರ್ ಕಹ್ರಮಾನ್ ಅಳಿಯನಂತೆ ದಿಂಬಿಗೊರಗಿದ್ದ. ಎದುರಿಗೆ ಸನೋಬರ್, ಶಾಲಿನ ಅಂಚು ಬಾಯಿಗೆ. ಇಬ್ಬರ ನಡುವೆ ಬಟ್ಟೆಯ ಮೇಲೆ ತಂದೂರಿನಿಂದ ಆಗ ತಾನೇ ತಂದ ದುಂಡು ರೊಟ್ಟಿ, ಆವಿಯಾಡುತ್ತಿತ್ತು. ರೊಟ್ಟಿಯ ಪಕ್ಕ, ಬೆಳಗ್ಗೆ ಎರ್ಗಾಶನೇ ಕೊಟ್ಟ ಚಿತ್ರ.

"ಬಾ ಬಾ, ನಿನ್ನದೇ ಮನೆ," ಎಂದ ಮೇಜರ್. "ನೀನು ಕೊಟ್ಟ ಚಿತ್ರ ಬಹಳ ಚೆನ್ನಾಗಿದೆ ಕಣಯ್ಯ. ಊಟದ ಹೊತ್ತಲ್ಲಿ ನೋಡಿದೆ, ಹಸಿವಾಯ್ತು. ರೊಟ್ಟಿ ತಂದೆ."

ಸನೋಬರ್ ಕೈಚಾಚಿ ರೊಟ್ಟಿ ಮುರಿಯಹೋದಳು.

"ಮುರೀಬೇಡ. ಕಚ್ಚು."

"ದೂರ ಹೋಗೋರು ಕಚ್ತಾರೆ ಸಾಹೇಬ್ರೇ. ನಾನೆಲ್ಲಿಗೂ ಹೋಗ್ತಿಲ್ವಲ್ಲ."

"ಅದನ್ನ ರೊಟ್ಟಿ ನೋಡಿ ಹೇಳ್ತೀನಿ."

ಬಳ್ಳಿಯ ಮೇಲೆ ಕಣಜವೊಂದು ಗುಂಯ್‌ಗುಡುತ್ತಿತ್ತು. ಎರ್ಗಾಶ್ ಏನಾದರೂ ಮಾಡಬೇಕೆಂದುಕೊಂಡ. ರೊಟ್ಟಿ ಕಸಿದು ತಾನೇ ತಿನ್ನಬಹುದು. ದೊಡ್ಡವರ ದನಿಯಲ್ಲಿ 'ಮೇಜರ್, ಎದ್ದು ನಿಲ್ಲು!' ಎಂದು ಗುಡುಗಬಹುದು.

ಅಷ್ಟರಲ್ಲಿ ಸನೋಬರ್ ಶಾಲನ್ನು ಕೆಳಗಿಳಿಸಿ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿದಳು. ಕಚ್ಚಿದಳು. ನಿಧಾನವಾಗಿ ಅಗಿಯುತ್ತ, ಚಿತ್ರದ ಪಕ್ಕದಲ್ಲೇ ಇಟ್ಟಳು.

ಅಚ್ಚುಕಟ್ಟಾದ ಅರ್ಧಚಂದ್ರ. ನಡುವೆ ದಿಂಡಿಲ್ಲ, ಗೆರೆಯೂ ಇಲ್ಲ.

ಮೇಜರ್ ರೊಟ್ಟಿ ನೋಡಿದ, ಚಿತ್ರ ನೋಡಿದ, ಅವಳನ್ನು ನೋಡಿದ. ಆಗ ಸನೋಬರ್ ವಾರದ ನಂತರ ಮೊದಲ ಸಲ ನಕ್ಕಳು. ಸಂದಿನ ಜಾಗದಲ್ಲಿ ಸಂಜೆಬಿಸಿಲು ಝಗ್ಗೆಂದಿತು. ಮುಂದಿನೆರಡು ಹಲ್ಲಿಗೂ ಚಿನ್ನ.

ಲವಂಗ! ಎರ್ಗಾಶನ ತಲೆಯೊಳಗೆ ಎಲ್ಲವೂ ಒಟ್ಟಿಗೆ ಉರುಳಿಬಿತ್ತು. ಹಲ್ಲುನೋವಿನ ಲವಂಗದೆಣ್ಣೆ, ಹುರ್ಷಿದಾಳ ಮನೆ, ಸಾರು, ಶಾಲು, ಮಾತ್ರೆ. ಪತ್ರಿಕೆಯಲ್ಲಿ ಚಿತ್ರ ಬಂದದ್ದನ್ನು ಎಲ್ಲರಿಗಿಂತ ಮೊದಲು ಓದಿದವಳು ಅವಳು. ಓದಿದ್ದೇ ಬಾಯಿಯ ಗುರುತನ್ನೇ ಬದಲಿಸಿದ್ದಾಳೆ. ಗಂಡನಿಗೆ ಹೇಳಿಲ್ಲ. ಹೇಳಿದ್ದರೆ ಅವನು ಎಲ್ಲಿಗೆ ಹೋಗುತ್ತಿದ್ದ ಎಂಬುದಕ್ಕೆ ಬಟ್ಟೆಯ ಮೇಲಿನ ಚಿತ್ರವೇ ಸಾಕ್ಷಿ.

"ಚಿನ್ನ ಕಟ್ಟಿಸ್ಕೊಂಡಿದೀಯ," ಎಂದ ಮೇಜರ್. ಆ ದನಿಯಲ್ಲಿ ಪೊಲೀಸಿಗಿಂತ ಹಳೆಯದೊಂದು ನೋವಿತ್ತು. "ಆ ಸಂದು ನೋಡಿ ನಮ್ಮಮ್ಮ ಅದೃಷ್ಟವಂತೆ ಅಂದಿದ್ಲು. ಯಾವಾಗ ಕಟ್ಟಿಸಿದ್ದು?"

"ನನ್ನ ಗಂಡನ್ನ ಕೇಳಿ. ಆಸೆಪಟ್ಟು ಕಟ್ಟಿಸಿದ್ದು ಅವ್ರೇ."

ಹೇಳುತ್ತ ಅವಳು ಎರ್ಗಾಶನಿಗೆ ಪಿಯಾಲೆ ಚಾಚಿದಳು. ಮೇಜರನ ಪಿಯಾಲೆ ಅಂಚಿನವರೆಗೆ ತುಂಬಿತ್ತು. ಇದರಲ್ಲಿ ತಳ ಮುಚ್ಚುವಷ್ಟು ಮಾತ್ರ ಟೀ.

"ನೌರೋಜ್ ಹಬ್ಬಕ್ಕೆ," ಎಂದ ಎರ್ಗಾಶ್. "ಈ ವಸಂತದಲ್ಲಿ."

ಡಾಕ್ಟರ್ ಮಾಯವಾದದ್ದು ಅದಾದ ಎಷ್ಟೋ ತಿಂಗಳ ಮೇಲೆ. ಒಳ್ಳೆಯ ಉತ್ತರ. ಸನೋಬರಳ ಕಣ್ಣು ಮಿನುಗಿ, ಮರುಕ್ಷಣವೇ ಹೆದರಿ ಆರಿಹೋಯಿತು. ಯಾಕೆಂದು ಅವನಿಗೆ ತಿಳಿಯುವ ಮೊದಲೇ ಮೇಜರ್ ನಕ್ಕ.

"ನೌರೋಜ್‌ಗೆ. ಸರಿ. ಬೆಳಗ್ಗೆ ನೀನು ನನ್ನ ಆಫೀಸಿಗೆ ಬಂದಾಗ ಕಿಟಕಿಯಿಂದ ನಿನ್ನ ಕಾರು ಕಂಡಿತ್ತು. ಎದುರಿಗೆ ಒಂದು ಫೋಟೋ ಅಂಟಿಸಿದೀಯ. ಏಪ್ರಿಕಾಟ್ ತಿಂತಾ ನಗ್ತಿದಾಳೆ. ಹಿಂದೆ ಹಸಿರು ಬಾಗಿಲು." ಅಂಗಳದ ಬಾಗಿಲ ಕಡೆ ಗಲ್ಲ ತೋರಿಸಿದ. "ಇದಕ್ಕೆ ನೀನು ಹಸಿರು ಬಣ್ಣ ಬಳಿದದ್ದು ಈ ಬೇಸಿಗೇಲಿ. ನಾನು ಇದೇ ಬೀದೀಲಿ ಓಡಾಡ್ತೀನಪ್ಪ. ಹೋಗು, ಆ ಫೋಟೋ ತಗೊಂಡು ಬಾ. ಹಲ್ಲು ಯಾವ ಬಣ್ಣ ನೋಡೋಣ."

ಸನೋಬರ್ ಶಾಲಿನ ಅಂಚನ್ನು ಮತ್ತೆ ಬಾಯಿಗೆ ಎಳೆದುಕೊಂಡಳು.

ಬಾಗಿಲಿನಿಂದ ಕಾರಿಗೆ ನಾಲ್ಕು ಮಾರು. ಎರ್ಗಾಶ್ ನಡೆದ. ಹರಿದು ನುಂಗಿಬಿಡಬೇಕು. ನುಂಗಿದರೂ ನುಂಗಿದ್ದೇ ಸಾಕ್ಷಿ. ಕಾರಿನ ಬಾಗಿಲು ತೆಗೆದ.

ಸೀಟಿನ ಮೇಲೆ ಕರಬೂಜ ಹಾಗೇ ಇತ್ತು. ಡ್ಯಾಶ್‌ಬೋರ್ಡಿನ ಮೇಲೆ, ಬಿಸಿಲಿಗೆ ಮಾಸಿದ ಕಪ್ಪಿನ ನಡುವೆ, ಕೈಯಗಲದ ಒಂದು ಹೊಸ ಕಪ್ಪು ಚೌಕ.

ಫೋಟೋ ಇರಲಿಲ್ಲ.

ಕರಬೂಜ ಇಟ್ಟವನು ಬಗ್ಗಿದ್ದು ಅದೇ ಕಿಟಕಿಯೊಳಗೆ. ಎರ್ಗಾಶನ ಮೈಯಲ್ಲಿ ಜೀವ ಬಂದಂತಾಯಿತು. ಅದರ ಬೆನ್ನಲ್ಲೇ ಹಳೆಯ ಉರಿಯೂ ಎದ್ದಿತು. ಅವಳನ್ನು ಉಳಿಸಲು ಕಿತ್ತನೋ, ಅವಳನ್ನು ಇಟ್ಟುಕೊಳ್ಳಲು ಕಿತ್ತನೋ?

ಹಿಂದೆ ಬೂಟುಗಳು ಜಲ್ಲಿಯ ಮೇಲೆ ಕರಕರ ಎಂದವು.

"ಸಿಕ್ತಾ?" ಎಂದ ಮೇಜರ್, ಅವನ ಕಿವಿಯ ಪಕ್ಕದಲ್ಲೇ. "ಇಲ್ವಾ? ಹಾಗಾದ್ರೆ ಒಂದೇ ಒಂದು ಹೇಳು ಎರ್ಗಾಶ್. ಬೆಳಗ್ಗೆಯಿಂದ ಈ ಕಾರಿನ ಹತ್ರ ಬಂದವರು ಯಾರು?"

ಬೆಳಗ್ಗೆ ಸುಳ್ಳಾಗಿ ಕೊಟ್ಟಿದ್ದ ಆ ಹೆಸರು ಎರ್ಗಾಶನ ನಾಲಿಗೆಯ ತುದಿಯಲ್ಲಿ ಬಂದು ನಿಂತಿತ್ತು. ಈಗ ಅದು ನಿಜವಾಗಿತ್ತು.